ಸೂಜಿಯ ಬ್ಯಾಂಡು ಮತ್ತು ಖಾಲಿಯಾಗುತ್ತಲೇ ಇದ್ದ ಗಿಟಾರ್ ಕುರ್ಚಿ

Siouxsie and the Banshees ಅನ್ನುವ ಬ್ರಿಟನ್ನಿನ ಈ ರಾಕ್ ಬ್ಯಾಂಡಿನ ಹೆಸರನ್ನು ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮೊದಲ ಸಲ ನೋಡಿದವರಿಗೆ ನಾಲಿಗೆ ತೊಡರುತ್ತದೆ. ಗಾಯಕಿಯ ಹೆಸರಿನಲ್ಲಿ ಎಂಟು ಅಕ್ಷರ, ನಡುವೆ ಒಂದು ಎಕ್ಸ್. ಆದರೆ ಹೇಳುವುದು ಬಲು ಸುಲಭ: ಸೂಜಿ. ಹೌದು, ನಾವು ಬಟ್ಟೆ ಹೊಲಿಯುವ ಸೂಜಿಯೇ! ಆಕೆಯ ದನಿ ಕೇಳಿದ ಮೇಲೆ ಕನ್ನಡದ ಅರ್ಥವೇ ಜಾಸ್ತಿ ಒಪ್ಪುತ್ತದೆ ಅನ್ನಿಸುತ್ತದೆ. ಇನ್ನು ಬ್ಯಾನ್‌ಶೀ ಅಂದರೆ ಐರ್ಲೆಂಡಿನ ಜನಪದ ಕಥೆಗಳಲ್ಲಿ ಬರುವ ಒಂದು ಹೆಣ್ಣು ದೆವ್ವ. ಮನೆಯಲ್ಲಿ ಸಾವು ಬರುವ ಮುಂಚೆ ಹೊರಗೆ ನಿಂತು ಗೋಳಾಡುವವಳು. 1970ರ ಒಂದು ಹಾರರ್ ಸಿನಿಮಾದಿಂದ ಈ ಪದ ಎತ್ತಿಕೊಂಡರು. ಹೀಗೆ ಸೂಜಿ ಅಂಡ್ ದ ಬ್ಯಾನ್‌ಶೀಸ್.

ಗಾಥ್ ಸಂಗೀತದ ತಾಯಿಬೇರು ಅಂತ ಎಲ್ಲರೂ ತೋರಿಸುವುದು ಇವರನ್ನೇ. ಗಾಥ್ ಅಂದ ಕೂಡಲೇ ನಮಗೆ ನೆನಪಾಗುವುದು ಕಪ್ಪು ಬಟ್ಟೆ, ದಪ್ಪ ಕಾಡಿಗೆ, ಕೆದರಿದ ಕೂದಲು, ಸ್ಮಶಾನ. ಆಮೇಲೆ ಇವರ ಹಾಡುಗಳನ್ನು ಒಂದಾದ ಮೇಲೊಂದು ಹಾಕಿ ನೋಡಿ. ಒಂದರಲ್ಲಿ ಕ್ಸೈಲೋಫೋನ್. ಇನ್ನೊಂದರಲ್ಲಿ ಕಾಯರ್, ಅಂದರೆ ಹಾಡುಗಾರರ ಗುಂಪು. ಒಂದು ಕಡೆ ಅಕಾರ್ಡಿಯನ್, ಒಂದು ಕಡೆ ಚೆಲ್ಲೋ. ಒಂದರಲ್ಲಂತೂ ಸಾಕ್ಷಾತ್ ತಬಲ! ಇಷ್ಟೆಲ್ಲ ಒಂದೇ ಬ್ಯಾಂಡ್ ಮಾಡಿದ್ದು ಹೇಗೆ?

ನನ್ನ ಉತ್ತರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇವರಿಗೆ ಗಿಟಾರ್ ವಾದಕರು ನಿಲ್ಲಲಿಲ್ಲ. ಸಾಮಾನ್ಯವಾಗಿ ರಾಕ್ ಬ್ಯಾಂಡಿನಲ್ಲಿ ಗಿಟಾರಿಸ್ಟ್ ಹೋದರೆ ಅರ್ಧ ಬ್ಯಾಂಡೇ ಹೋದ ಹಾಗೆ. ಇಲ್ಲಿ ಆ ಕುರ್ಚಿ ಖಾಲಿಯಾದಾಗಲೆಲ್ಲ ಹೊಸಬರು ಬಂದು ಕೂತರು, ಬ್ಯಾಂಡಿನ ಬಣ್ಣವೇ ಬದಲಾಯಿತು. ಮನೆ ಮಾತ್ರ ಬೀಳಲಿಲ್ಲ. ಯಾಕೆಂದರೆ ಕಂಬಗಳು ಬೇರೆ ಕಡೆ ಇದ್ದವು.

ಮೊದಲು ಪೋಸ್ಟ್-ಪಂಕ್ ಅಂದರೇನು ಅಂತ ನೋಡಿಬಿಡೋಣ. 1976ರ ಸುಮಾರಿಗೆ ಲಂಡನ್ನಿನಲ್ಲಿ ಪಂಕ್ ಸಿಡಿಯಿತು. ಗಿಟಾರಿನಲ್ಲಿ ಮೂರು ಕಾರ್ಡ್, ಅಂದರೆ ಒಟ್ಟಿಗೆ ಬಾರಿಸುವ ಮೂರು ಸ್ವರಗುಂಪು, ಗೊತ್ತಿದ್ದರೆ ಸಾಕು, ವೇದಿಕೆ ಹತ್ತು ಅನ್ನುವ ಧೈರ್ಯ ಅದು. ಆದರೆ ಸ್ವಲ್ಪ ಕಾಲದಲ್ಲೇ ಎಲ್ಲ ಪಂಕ್ ಬ್ಯಾಂಡುಗಳೂ ಒಂದೇ ತರಹ ಕೇಳತೊಡಗಿದವು. ಅದೇ ವೇಗ, ಅದೇ ಗಲಾಟೆ. ಆಗ ಕೆಲವರು ಪಂಕ್‌ನಿಂದ ಧೈರ್ಯ ಮಾತ್ರ ಇಟ್ಟುಕೊಂಡರು, ಸದ್ದನ್ನು ಬಿಟ್ಟರು. ಜಮೈಕಾದ ಡಬ್ ಸಂಗೀತ, ಡಿಸ್ಕೋ, ಜರ್ಮನಿಯ ಪ್ರಯೋಗದ ಬ್ಯಾಂಡುಗಳು, ಸಿನಿಮಾದ ಹಿನ್ನೆಲೆ ಸಂಗೀತ, ಹೀಗೆ ಎಲ್ಲೆಲ್ಲಿಂದಲೋ ಸಾಮಾನು ತಂದರು. ಅದನ್ನೇ ಪೋಸ್ಟ್-ಪಂಕ್ ಅಂತ ಕರೆದರು. ಅದರ ಕತ್ತಲೆ ಕೋಣೆಗೆ ಗಾಥ್ ಅಂತ ಹೆಸರು ಬಿದ್ದದ್ದು ಇನ್ನೂ ಆಮೇಲೆ.

ಬ್ಯಾನ್‌ಶೀಸ್ ಹುಟ್ಟಿದ್ದು ಒಂದು ತಮಾಷೆಯ ಸಂಜೆ. 1976ರ ಸೆಪ್ಟೆಂಬರ್ 20. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್‌ನಲ್ಲಿ ಎರಡು ದಿನದ ಪಂಕ್ ಹಬ್ಬ. ಹಾಡುವವರ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಇತ್ತು. ಸೂಜಿ ಸೂ, ಅಂದರೆ ಲಂಡನ್ ಅಂಚಿನ ಚಿಸಲ್‌ಹರ್ಸ್ಟ್‌ನ ಸೂಸನ್ ಬ್ಯಾಲಿಯನ್, ನಾವು ಹಾಡುತ್ತೇವೆ ಅಂದುಬಿಟ್ಟಳು. ಆಗ ಆಕೆಗೆ 19 ವರ್ಷ. ಬ್ಯಾಂಡೇ ಇರಲಿಲ್ಲ! ಗೆಳೆಯ ಸ್ಟೀವನ್ ಸೆವೆರಿನ್ ಬಾಸ್, ಅಂದರೆ ತಗ್ಗು ದನಿಯ ಗಿಟಾರ್, ಹಿಡಿದ. ಡ್ರಮ್ಸ್‌ಗೆ ಸಿಡ್ ವಿಷಸ್ ಕೂತ, ಆತ ಇನ್ನೂ ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ಬ್ಯಾಂಡ್ ಸೇರಿರಲಿಲ್ಲ. ಗಿಟಾರ್ ಮಾರ್ಕೊ ಪಿರೋನಿಯದು. ಕ್ರೈಸ್ತರ ಪ್ರಾರ್ಥನೆಯೊಂದನ್ನು ಇಟ್ಟುಕೊಂಡು ಸುಮಾರು 20 ನಿಮಿಷ ಬಾಯಿಗೆ ಬಂದಂತೆ ಹಾಡಿ, ಕೈಗೆ ಬಂದಂತೆ ಬಾರಿಸಿದರು. ಅಷ್ಟೇ. ಸಿಡ್, ಮಾರ್ಕೊ ಇಬ್ಬರದೂ ಆ ಒಂದೇ ರಾತ್ರಿಯ ಕೆಲಸ. ಗಿಟಾರ್ ಕುರ್ಚಿ ಮೊದಲ ದಿನವೇ ಖಾಲಿ.

ಆ ದಿನಗಳ ಒಂದು ವಿಷಯ ಮುಚ್ಚಿಡುವ ಹಾಗಿಲ್ಲ. ಸೂಜಿ ಆಗ ನಾಜಿಗಳ ತೋಳುಪಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದಳು. ನಮ್ಮ ಹೊಸ್ತಿಲಿನ ಸ್ವಸ್ತಿಕ ಅಲ್ಲ, ಹಿಟ್ಲರನದೇ. ಯುದ್ಧ ನೋಡಿದ ಹಿರಿಯರನ್ನು ಕೆರಳಿಸಬೇಕು ಅನ್ನುವ ಹುಡುಗಾಟ ಅದು. ಹುಡುಗಾಟ ಅಂದ ಮಾತ್ರಕ್ಕೆ ಸರಿ ಅನ್ನಲಾಗದು. ಮುಂದೆ ಅದೇ ಬ್ಯಾಂಡ್, ನಾಜಿಗಳನ್ನು ಚಿತ್ರಗಳಲ್ಲಿ ಲೇವಡಿ ಮಾಡಿದ ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್ ನೆನಪಿಗೆ 'ಮೆಟಲ್ ಪೋಸ್ಟ್‌ಕಾರ್ಡ್' ಹಾಡು ಕಟ್ಟಿತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ನಿಜವಾದ ಬ್ಯಾಂಡ್ ರೂಪ ಪಡೆದದ್ದು 1977ರಲ್ಲಿ. ಡ್ರಮ್ಸ್‌ಗೆ ಕೆನ್ನಿ ಮಾರಿಸ್, ಗಿಟಾರಿಗೆ ಜಾನ್ ಮೆಕೇ. ರೆಕಾರ್ಡ್ ಕಂಪನಿಗಳು ಹತ್ತಿರ ಸೇರಿಸಲಿಲ್ಲ. ಅಭಿಮಾನಿಗಳು ಲಂಡನ್ನಿನ ಗೋಡೆಗಳ ಮೇಲೆ 'ಇವರನ್ನು ಸಹಿ ಹಾಕಿಸಿಕೊಳ್ಳಿ' ಅಂತ ಬಣ್ಣದಲ್ಲಿ ಬರೆದರು. ಕೊನೆಗೆ 1978ರಲ್ಲಿ ಪಾಲಿಡೋರ್ ಒಪ್ಪಿತು. ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಬಂದ ಹಾಡು, 'ಹಾಂಗ್‌ಕಾಂಗ್ ಗಾರ್ಡನ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 7ನೇ ಜಾಗ ಹಿಡಿಯಿತು. ಚಿಸಲ್‌ಹರ್ಸ್ಟ್‌ನಲ್ಲಿದ್ದ ಒಂದು ಚೈನೀಸ್ ಪಾರ್ಸೆಲ್ ಅಂಗಡಿಯ ಹೆಸರದು. ಅಲ್ಲಿನ ಕೆಲಸಗಾರರನ್ನು ಪುಂಡರು ಕಾಡುತ್ತಿದ್ದುದನ್ನು ನೋಡಿ ಸೂಜಿ ಬರೆದ ಹಾಡು. ಉದ್ದೇಶ ಒಳ್ಳೆಯದೇ, ಆದರೆ ಇವತ್ತು ಓದಿದರೆ ಕೆಲವು ಸಾಲು ಚುಚ್ಚುತ್ತವೆ. ಶುರುವಿನ ಕ್ಸೈಲೋಫೋನ್ ಮಾತ್ರ ಒಮ್ಮೆ ಕಿವಿಗೆ ಬಿದ್ದರೆ ದಿನವಿಡೀ ಹೋಗುವುದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಬಂದ ಮೊದಲ ಆಲ್ಬಮ್ 'ದ ಸ್ಕ್ರೀಮ್' ಹಾಗಲ್ಲ. ಅದು ಕಬ್ಬಿಣ. ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಡ್ರಮ್ಸ್. ಮಾಮೂಲಿ ರಾಕ್ ಹಾಡಿನಲ್ಲಿ ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆ 'ಟಿಸ್ ಟಿಸ್' ಅಂತ ಗಡಿಯಾರದ ಹಾಗೆ ಹೊಡೆಯುತ್ತಾ ಇರುತ್ತದೆ. ಕೆನ್ನಿ ಮಾರಿಸ್ ಆ ತಟ್ಟೆಗಳ ಗೊಡವೆಗೆ ಹೆಚ್ಚು ಹೋಗಲಿಲ್ಲ. ಟಾಮ್ ಅನ್ನುವ ದಪ್ಪ ದನಿಯ ಡ್ರಮ್ಮುಗಳ ಮೇಲೇ ತಾಳ ಕಟ್ಟಿದ. ಡೊಳ್ಳು ಕೇಳಿ ಬೆಳೆದ ಕಿವಿಗೆ ಇದರ ಅರ್ಥ ತಕ್ಷಣ ಆಗುತ್ತದೆ. ಮೇಲಿನ ಝಣಝಣ ತೆಗೆದುಬಿಟ್ಟರೆ ತಾಳ ನೆಲದಿಂದ ಬಂದ ಹಾಗೆ ಕೇಳುತ್ತದೆ, ಎದೆಗೆ ತಾಗುತ್ತದೆ. ಗಾಥ್ ಸಂಗೀತದ ಅರ್ಧ ಗುಟ್ಟು ಈ ಟಾಮ್‌ಗಳಲ್ಲೇ ಇದೆ.

ಎರಡನೆಯದು ಫ್ಲೇಂಜರ್ ಅನ್ನುವ ಪುಟ್ಟ ಡಬ್ಬಿ. ಗಿಟಾರಿನ ಸದ್ದನ್ನು ಅದು ಎರಡು ಮಾಡುತ್ತದೆ. ಒಂದನ್ನು ಸೆಕೆಂಡಿನ ಸಾವಿರದ ಕೆಲವೇ ಪಾಲಿನಷ್ಟು ತಡ ಮಾಡಿ, ಆ ತಡವನ್ನೂ ಹೆಚ್ಚುಕಡಿಮೆ ಮಾಡುತ್ತಾ, ಮತ್ತೆ ಎರಡನ್ನೂ ಸೇರಿಸುತ್ತದೆ. ತಲೆ ಮೇಲೆ ಜೆಟ್ ವಿಮಾನ ಹಾದುಹೋಗುವಾಗ 'ಶೂಂ' ಅಂತ ಸದ್ದು ತಿರುಚಿಕೊಳ್ಳುತ್ತದೆ ಅಲ್ವಾ, ಹಾಗೆ. ಮೆಕೇ ಕೈಯಲ್ಲಿ ಇದು ತಗಡು ಹರಿದ ಸದ್ದಾಯಿತು. ಹಿಚ್‌ಕಾಕ್ ಸಿನಿಮಾದ ಚೂರಿ ಇರಿತಕ್ಕೆ ಪಿಟೀಲುಗಳು ಕಿರುಚುತ್ತವಲ್ಲ, ಆ ಜಾತಿಯ ಗಿಟಾರ್. ಸೋಲೋ ಇಲ್ಲ, ಬ್ಲೂಸ್ ಇಲ್ಲ. ಏನು ಬಾರಿಸಬಾರದು ಅನ್ನುವುದು ಈ ಬ್ಯಾಂಡಿಗೆ ಮೊದಲೇ ಗೊತ್ತಿತ್ತು.

ಎರಡನೇ ಆಲ್ಬಮ್ 'ಜಾಯಿನ್ ಹ್ಯಾಂಡ್ಸ್' ಬಿಡುಗಡೆಯಾದ ದಿನ, 1979ರ ಸೆಪ್ಟೆಂಬರ್ 7, ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಕಾರ್ಯಕ್ರಮ. ಸಂಜೆಗೆ ಮುಂಚೆ ರೆಕಾರ್ಡ್ ಅಂಗಡಿಯಲ್ಲಿ ಜಗಳವಾಯಿತು. ಮೆಕೇ ಮತ್ತು ಮಾರಿಸ್ ಎದ್ದು ಹೋದವರು ತಿರುಗಿ ಬರಲೇ ಇಲ್ಲ. ಸಭಾಂಗಣದಲ್ಲಿ ಜನ ಕೂತಿದ್ದಾರೆ, ಬ್ಯಾಂಡಿನಲ್ಲಿ ಅರ್ಧ ಜನ ಇಲ್ಲ! ಅವತ್ತು ಮೊದಲು ಹಾಡಬೇಕಿದ್ದ ಚಿಕ್ಕ ಬ್ಯಾಂಡೊಂದು ಜಾಸ್ತಿ ಹೊತ್ತು ಹಾಡಿ ಮಾನ ಉಳಿಸಿತು. ಅದರ ಹೆಸರು ದ ಕ್ಯೂರ್. ಅದರ ಗಾಯಕ ರಾಬರ್ಟ್ ಸ್ಮಿತ್. ಕೆಲವೇ ದಿನಗಳಲ್ಲಿ ಪ್ರವಾಸ ಮುಂದುವರಿದಾಗ ಸ್ಮಿತ್ ರಾತ್ರಿಗೆ ಎರಡು ಪಾಳಿ ದುಡಿದ. ಮೊದಲು ತನ್ನ ಬ್ಯಾಂಡಿಗೆ, ಆಮೇಲೆ ಬ್ಯಾನ್‌ಶೀಸ್‌ಗೆ. ಡ್ರಮ್ಸ್‌ಗೆ ಬಂದವನು ದ ಸ್ಲಿಟ್ಸ್ ಬ್ಯಾಂಡಿನ ಆಲ್ಬಮ್‌ಗೆ ಬಾರಿಸಿದ್ದ ಪೀಟರ್ ಕ್ಲಾರ್ಕ್. ಎಲ್ಲರೂ ಕರೆಯುವುದು ಬಡ್ಜಿ ಅಂತ.

ಬಡ್ಜಿ ಬಂದ ಮೇಲೆ ಮೂರು ಕಂಬ ಪೂರ್ತಿಯಾದವು. ಸೂಜಿಯ ದನಿ, ಸೆವೆರಿನ್‌ನ ಬಾಸ್, ಬಡ್ಜಿಯ ಡ್ರಮ್ಸ್. ಬಾಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬಹಳ ಬ್ಯಾಂಡುಗಳಲ್ಲಿ ಬಾಸ್ ಗಿಟಾರಿನ ನೆರಳಿನ ಹಾಗೆ ಹಿಂದೆ ನಡೆಯುತ್ತದೆ. ಸೆವೆರಿನ್ ಬಾಸ್ ಮುಂದೆ ನಡೆಯುತ್ತದೆ. ಹಾಡಿನ ರಾಗ ಗುನುಗಿ ಅಂದರೆ ಎಷ್ಟೋ ಸಲ ನಾವು ಗುನುಗುವುದು ಅವನ ಬಾಸನ್ನೇ, ಗೊತ್ತಿಲ್ಲದೆ. ಬಾಸೇ ದಾರಿ ತೋರಿಸುವಾಗ ಗಿಟಾರಿಗೆ ದಾರಿ ಕಾಯುವ ಕೆಲಸ ಇಲ್ಲ. ಅದು ಗೋಡೆಗೆ ಬಣ್ಣ ಬಳಿಯಬಹುದು, ಕಿಟಕಿ ಒಡೆಯಬಹುದು, ಸುಮ್ನೆ ಮೂಲೆಯಲ್ಲಿ ಕೂರಬಹುದು. ಅದಕ್ಕೇ ಈ ಕುರ್ಚಿಯಲ್ಲಿ ಯಾರು ಕೂತರೂ ನಡೆಯುತ್ತಿತ್ತು. ಮತ್ತು ಯಾರು ಕೂತರು ಅನ್ನುವುದು ತಕ್ಷಣ ಕೇಳುತ್ತಿತ್ತು.

ಮುಂದೆ ಕೂತವನು ಜಾನ್ ಮೆಗಾಕ್. ನನ್ನ ಮಟ್ಟಿಗೆ ಈ ಕಥೆಯ ಹೀರೋ. ಸ್ಕಾಟ್ಲೆಂಡಿನ ಗ್ರೀನಾಕ್ ಊರಿನವನು, ಮ್ಯಾಂಚೆಸ್ಟರಿನಲ್ಲಿ ಕಲೆ ಓದಿದವನು, ಮ್ಯಾಗಜೀನ್ ಅನ್ನುವ ಬ್ಯಾಂಡಿನಲ್ಲಿ ಹೆಸರು ಮಾಡಿದ್ದವನು. 1980ರ 'ಕೆಲೈಡೊಸ್ಕೋಪ್' ಆಲ್ಬಮ್‌ಗೆ ಮೊದಲು ಅತಿಥಿಯಾಗಿ ಬಂದ. ಅದೇ ಆಲ್ಬಮ್‌ನ ಮೂರು ಹಾಡುಗಳಲ್ಲಿ ಸೆಕ್ಸ್ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್ ಗಿಟಾರ್ ಇದೆ. ಒಂದು ಹಾಡಿನಲ್ಲಿ ಕ್ಯಾಮೆರಾದ ಕ್ಲಿಕ್ ಸದ್ದೇ ತಾಳದೊಳಗೆ ಸೇರಿಕೊಂಡಿದೆ.

'ಹ್ಯಾಪಿ ಹೌಸ್' ಕೇಳಿ. ಎತ್ತರದ ತಂತಿಗಳಲ್ಲಿ ಪುಟ್ಟದೊಂದು ಗಿಟಾರ್ ಎಳೆ ಸುತ್ತುತ್ತಾ ಇರುತ್ತದೆ, ಮಕ್ಕಳ ಆಟಿಕೆಯ ಸಂಗೀತದ ಪೆಟ್ಟಿಗೆಯ ಹಾಗೆ. ಹೆಸರಿಗೆ ಸಂತೋಷದ ಮನೆ. ಆದರೆ ಕೇಳುತ್ತಾ ಕೇಳುತ್ತಾ ಆ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ ಅನ್ನಿಸುತ್ತದೆ. ಈ ಎಳೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಳ್ಳುವ ಇವತ್ತಿನ ಹುಡುಗರಿಗೆ ಒಂದು ಸುಳಿವು: ಗಾಯಕ ದ ವೀಕೆಂಡ್ 2011ರ 'ಹೌಸ್ ಆಫ್ ಬಲೂನ್ಸ್' ಹಾಡನ್ನು ಇದರ ಮೇಲೇ ಕಟ್ಟಿದ್ದು.

ಮೆಗಾಕ್ ಮಾಡಿದ ಕೆಲಸ ಏನು ಅಂದರೆ, ಗಿಟಾರನ್ನು ಬಡಿಯುವುದು ಬಿಟ್ಟು ಮೀಟಿದ. ಎಲ್ಲ ತಂತಿಗಳನ್ನು ಒಟ್ಟಿಗೆ ಬಾರಿಸಿದರೆ ಅದು ಕಾರ್ಡ್. ಅದೇ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಮೀಟಿದರೆ ಆರ್ಪೆಜಿಯೊ. ಅದು ಹೊಸದೇನಲ್ಲ. ಅದಕ್ಕೆ ಫ್ಲೇಂಜರ್ ಹಾಕಿ, ವೇಗ ಕೊಟ್ಟು, ಕೆಲವು ತಂತಿಗಳನ್ನು ಮುಟ್ಟದೆ ಹಾಗೇ ಮೊಳಗಲು ಬಿಟ್ಟಾಗ ಮಾತ್ರ ಬೇರೆಯೇ ಆಗುತ್ತದೆ. ನೀರಿನ ಮೇಲಿನ ಬೆಳಕಿನ ಹಾಗೆ, ಒಂದು ಕಡೆ ನಿಲ್ಲುವುದೇ ಇಲ್ಲ. 1981ರ 'ಜುಜು' ಆಲ್ಬಮ್ ಪೂರ್ತಿ ಇದೇ ಆಟ. ಅದರ ಮೊದಲ ಹಾಡು 'ಸ್ಪೆಲ್‌ಬೌಂಡ್'. ಶುರುವಿಗೆ ಮಿನುಗುವ ಗಿಟಾರ್, ಆಮೇಲೆ ಬಡ್ಜಿಯ ಟಾಮ್‌ಗಳು ಉರುಳುತ್ತಾ ಬರುತ್ತವೆ, ಸೂಜಿ ಆ ಅಲೆಯ ಮೇಲೆ ನಿಂತು ಹಾಡುತ್ತಾಳೆ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯ ನಾಲ್ಕನೇ ಸೀಸನ್ನಿನ ಕೊನೆಗೆ ಈ ಹಾಡು ಬಂದಾಗ ಎಷ್ಟೋ ಮಂದಿ ಇದನ್ನು ಹೊಸ ಹಾಡು ಅಂದುಕೊಂಡಿರಬೇಕು. ದ ಸ್ಮಿತ್ಸ್ ಬ್ಯಾಂಡಿನ ಜಾನಿ ಮಾರ್‌ನಂಥ ಗಿಟಾರಿಸ್ಟ್ ಮೆಗಾಕ್‌ನನ್ನು ಮೆಚ್ಚಿ ಮಾತಾಡಿದ್ದಾನೆ. ರೇಡಿಯೋಹೆಡ್ ಬ್ಯಾಂಡಿನ ಬಳಗವೂ ಅವನ ಋಣ ಒಪ್ಪಿಕೊಂಡಿದೆ. ನಮ್ಮಲ್ಲಿ ಮಾತ್ರವಲ್ಲ, ಅಲ್ಲಿನ ಸಾಮಾನ್ಯ ಕೇಳುಗರಿಗೂ ಅವನ ಹೆಸರು ಅಷ್ಟಾಗಿ ಗೊತ್ತಿಲ್ಲ ಅನ್ನುವುದು ಬೇಸರದ ಸಂಗತಿ.

ಜನ 'ಗಾಥ್' ಅನ್ನುವ ಪದವನ್ನು ನೇತುಹಾಕಿದ್ದು ಮುಖ್ಯವಾಗಿ ಈ 'ಜುಜು' ಆಲ್ಬಮ್‌ನ ಕೊಕ್ಕೆಗೆ. ಅದಕ್ಕೆ ಮುಂಚೆ 1979ರಲ್ಲೇ ಬೌಹೌಸ್ ಬ್ಯಾಂಡಿನ ಒಂಬತ್ತು ನಿಮಿಷ ಮೀರಿದ 'ಬೆಲಾ ಲುಗೋಸೀಸ್ ಡೆಡ್' ಬಂದಿತ್ತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಅನ್ನುವ ಕ್ಲಬ್ ಶುರುವಾಯಿತು. ಅಲ್ಲಿಗೆ ಬರುತ್ತಿದ್ದ ಹುಡುಗಿಯರ ಕಣ್ಣಿನ ಕಾಡಿಗೆ, ಕೂದಲು ಎರಡೂ ಸೂಜಿಯದೇ ನಕಲು. ಆಕೆಗೆ ಮಾತ್ರ ಈ ಹಣೆಪಟ್ಟಿ ಎಂದೂ ಹಿಡಿಸಲಿಲ್ಲ. ಅದಕ್ಕೆ ಕಾರಣ ಆ ಹೊತ್ತಿಗೆ ಬ್ಯಾಂಡ್ ಇನ್ನೆಲ್ಲೋ ಹೊರಟುಹೋಗಿತ್ತು. 1982ರ ನವೆಂಬರಿನ 'ಎ ಕಿಸ್ ಇನ್ ದ ಡ್ರೀಮ್‌ಹೌಸ್' ಕೇಳಿದರೆ ಸ್ಮಶಾನ ಎಲ್ಲಿ? ಪಿಟೀಲು, ಚೆಲ್ಲೋ, ಗಂಟೆ. ಒಂದು ಹಾಡಿನಲ್ಲಿ ಮೆಗಾಕ್ ಶಾಲಾ ಮಕ್ಕಳು ಊದುವ ರೆಕಾರ್ಡರ್ ಕೊಳಲನ್ನೂ ಊದಿದ್ದಾನೆ. ಹೊದಿಕೆಯ ಮೇಲೆ ಗುಸ್ತಾವ್ ಕ್ಲಿಮ್ಟ್ ಚಿತ್ರಗಳ ಚಿನ್ನದ ಬಣ್ಣ. ಇವರ ಆಲ್ಬಮ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಆದರೆ ಆ ಹೊತ್ತಿಗೆ ಮೆಗಾಕ್ ಕುಡಿತ ಮತ್ತು ಒತ್ತಡದಲ್ಲಿ ಕುಸಿದಿದ್ದ. ಆಸ್ಪತ್ರೆ ಸೇರಿದ. ಆಲ್ಬಮ್ ಬಂದ ತಿಂಗಳಲ್ಲೇ ಅವನನ್ನು ತೆಗೆದರು. ಮುಂದೆ ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡಿನಲ್ಲಿ ಕೆಲವು ವರ್ಷ ಬಾರಿಸಿದ. 2004ರ ಮಾರ್ಚಿನಲ್ಲಿ ತೀರಿಕೊಂಡ. 48 ವರ್ಷ ಅಷ್ಟೇ.

ಮತ್ತೆ ಕರೆ ಹೋದದ್ದು ರಾಬರ್ಟ್ ಸ್ಮಿತ್‌ಗೆ. ಆಪದ್ಬಾಂಧವ ಅಂದರೆ ಅವನೇ. ಈ ಅವಧಿಯಲ್ಲೇ ಬ್ಯಾಂಡಿಗೆ ಬ್ರಿಟನ್ನಿನಲ್ಲಿ ಅತಿ ದೊಡ್ಡ ಹಿಟ್ ಸಿಕ್ಕಿತು. 1983ರ 'ಡಿಯರ್ ಪ್ರೂಡೆನ್ಸ್', ಪಟ್ಟಿಯಲ್ಲಿ 3ನೇ ಜಾಗ. ಹಾಡು ಇವರದಲ್ಲ, ಬೀಟಲ್ಸ್‌ನದು. ಅದು ಹುಟ್ಟಿದ್ದು ನಮ್ಮ ರಿಷಿಕೇಶದಲ್ಲಿ. 1968ರಲ್ಲಿ ಮಹರ್ಷಿ ಮಹೇಶ್ ಯೋಗಿಯ ಆಶ್ರಮಕ್ಕೆ ಬೀಟಲ್ಸ್ ಹೋಗಿದ್ದಾಗ, ಪ್ರೂಡೆನ್ಸ್ ಫ್ಯಾರೋ ಅನ್ನುವ ಅಮೆರಿಕದ ಯುವತಿಯೂ ಅಲ್ಲಿದ್ದಳು. ಧ್ಯಾನ ಅಂತ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೇ ಬರುತ್ತಿರಲಿಲ್ಲ. ಬಾರಮ್ಮ, ಬಿಸಿಲು ಬಿದ್ದಿದೆ ಅಂತ ಅವಳನ್ನು ಕರೆಯಲು ಜಾನ್ ಲೆನನ್ ಕಟ್ಟಿದ ಹಾಡದು. ಕತ್ತಲೆಯ ರಾಣಿ ಅನ್ನಿಸಿಕೊಂಡವಳಿಗೆ ಹೆಸರು ತಂದದ್ದು ಬಿಸಿಲಿನ ಹಾಡು! ಸ್ಮಿತ್‌ನ ಗಿಟಾರ್ ಇಲ್ಲಿ ಮೆಗಾಕ್‌ನ ಹಾಗೆ ಮಿಂಚುವುದಿಲ್ಲ, ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಅದೇ ವರ್ಷ ಸೆವೆರಿನ್ ಜೊತೆ ಸೇರಿ ದ ಗ್ಲೋವ್ ಅನ್ನುವ ಹೆಸರಿನಲ್ಲಿ ಬೇರೆ ಆಲ್ಬಮ್ಮನ್ನೂ ಮಾಡಿದ. ಇತ್ತ ತನ್ನ ಬ್ಯಾಂಡೂ ನಡೆಯಬೇಕು. ಎಷ್ಟು ದಿನ ಅಂತ ದುಡಿಯಲಾದೀತು? 1984ರಲ್ಲಿ ಬಿಟ್ಟ.

ಸೂಜಿ ಮತ್ತು ಬಡ್ಜಿ ಕೂಡ ಒಂದು ಪಕ್ಕದ ಅಂಗಡಿ ಇಟ್ಟಿದ್ದರು. ಹೆಸರು ದ ಕ್ರೀಚರ್ಸ್. ಅಲ್ಲಿ ಇರುವುದು ಮುಖ್ಯವಾಗಿ ದನಿ ಮತ್ತು ತಾಳ. 1983ರ 'ಫೀಸ್ಟ್' ಆಲ್ಬಮ್ಮನ್ನು ಹವಾಯಿಗೆ ಹೋಗಿ, ಅಲ್ಲಿನ ಗಾಯಕರ ದನಿ ಸೇರಿಸಿ ಮಾಡಿದರು. ಮುಂದೆ 2003ರಲ್ಲಿ ಜಪಾನಿನ ದೊಡ್ಡ ಡ್ರಮ್ ತೈಕೋ ಬಾರಿಸುವ ಲಿಯೊನಾರ್ಡ್ ಎಟೊ ಜೊತೆಗೂ ಒಂದು ಆಲ್ಬಮ್ ಮಾಡಿದರು. ಗಿಟಾರ್ ಕುರ್ಚಿಯೇ ಬೇಡ ಅಂತ ತೆಗೆದುಹಾಕಿದರೆ ಏನು ಉಳಿಯುತ್ತದೆ ಅನ್ನುವುದಕ್ಕೆ ಕ್ರೀಚರ್ಸ್ ಒಳ್ಳೆಯ ಉದಾಹರಣೆ.

ಸ್ಮಿತ್ ನಂತರ ಬಂದವನು ಜಾನ್ ವ್ಯಾಲೆಂಟೈನ್ ಕರುದರ್ಸ್. ಅವನ ಕಾಲದ 'ಸಿಟೀಸ್ ಇನ್ ಡಸ್ಟ್' ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದ ಮೇಲಿನ ಹಾಡು. ವಿಷಯ ಇಷ್ಟು ಭಯಂಕರ, ಕಾಲು ಮಾತ್ರ ಕುಣಿಯುತ್ತದೆ. 1987ರಲ್ಲಿ ಅವನೂ ಹೋದ. ಆಗ ಬಂದವನು ಜಾನ್ ಕ್ಲೈನ್. ಬ್ಯಾಟ್‌ಕೇವ್ ಕ್ಲಬ್ ನಡೆಸಿದ ಸ್ಪೆಸಿಮೆನ್ ಬ್ಯಾಂಡಿನವನು. ಅಂದರೆ ಗಾಥ್ ಮನೆಯ ಹುಡುಗನೇ ಬಂದ, ಅಷ್ಟರಲ್ಲಿ ಬ್ಯಾಂಡ್ ಆ ಮನೆ ಬಿಟ್ಟು ಎಷ್ಟೋ ದೂರ ನಡೆದಿತ್ತು. ಅವನ ಜೊತೆಗೇ ಚೆಲ್ಲೋ, ಕೀಬೋರ್ಡ್, ಅಕಾರ್ಡಿಯನ್ ಎಲ್ಲ ಬಲ್ಲ ಮಾರ್ಟಿನ್ ಮೆಕ್ಯಾರಿಕ್ ಕೂಡ ಸೇರಿದ.

ಈ ಐವರು ಮಾಡಿದ 'ಪೀಕ್-ಎ-ಬೂ' (1988) ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದಕ್ಕೆ ಹಿಂದಿನ ವರ್ಷ ಇವರು ಗಾಯಕ ಜಾನ್ ಕೇಲ್‌ನ 'ಗನ್' ಹಾಡನ್ನು ತಮ್ಮ ರೀತಿ ಹಾಡಿದ್ದರು. ಅದರಲ್ಲಿ ಕಹಳೆಗಳ ಒಂದು ತುಣುಕಿತ್ತು. ಆ ಟೇಪನ್ನು ತಿರುಗಾ ಮುರುಗಾ ಓಡಿಸಿದರು. ಕಹಳೆ ಹಿಮ್ಮುಖವಾಗಿ ಕೇಳಿದರೆ ಸದ್ದು ಒಳಗೆ ಹೀರಿಕೊಂಡ ಹಾಗೆ ಬರುತ್ತದೆ. ಅದನ್ನೇ ಸುತ್ತು ಹಾಕಿಸಿ ಹಾಡಿನ ಅಡಿಪಾಯ ಮಾಡಿದರು. ಮೇಲೆ ಬಡ್ಜಿಯ ತಾಳ, ಮೆಕ್ಯಾರಿಕ್ ಅಕಾರ್ಡಿಯನ್, ಎಡಕ್ಕೂ ಬಲಕ್ಕೂ ಹಾರುವ ಸೂಜಿಯ ದನಿ. ಪಲ್ಲವಿಯ ಒಂದು ಸಾಲು 1938ರ ಹಳೆಯ ಅಮೆರಿಕನ್ ಹಾಡೊಂದನ್ನು ಹೋಲುತ್ತದೆ ಅಂತಾಗಿ, ಅದರ ಕರ್ತೃಗಳ ಹೆಸರನ್ನೂ ಸೇರಿಸಬೇಕಾಯಿತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಮಾಡರ್ನ್ ರಾಕ್ ಅನ್ನುವ ಹೊಸ ಪಟ್ಟಿ ಶುರು ಮಾಡಿದಾಗ, ಮೊಟ್ಟಮೊದಲ ವಾರದ 1ನೇ ಜಾಗ ಈ ಹಾಡಿನದು.

ಈಗ ಆ ತಬಲದ ವಿಷಯಕ್ಕೆ ಬರೋಣ. 1991ರ 'ಸೂಪರ್‌ಸ್ಟಿಷನ್' ಆಲ್ಬಮ್‌ನ 'ಕಿಸ್ ದೆಮ್ ಫಾರ್ ಮಿ'. ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಬದುಕಿನ ಮೇಲಿನ ಹಾಡು. ಕೆಳಗೆ ಹಿಪ್-ಹಾಪ್‌ನಿಂದ ಬಂದ ಡ್ರಮ್ ತಾಳ, ಅದರ ಮೇಲೆ ತಾಲ್ವಿನ್ ಸಿಂಗ್ ಬೆರಳುಗಳು. ಲಂಡನ್ನಿನಲ್ಲೇ ಹುಟ್ಟಿದ ಈ ತಬಲಾ ವಾದಕ ಆಗಿನ್ನೂ ಎಳೆಯ ಹುಡುಗ. 1999ರಲ್ಲಿ ತನ್ನದೇ ಆಲ್ಬಮ್‌ಗೆ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದ. ಭಾರತದ ವಾದ್ಯವನ್ನು ಪಾಶ್ಚಾತ್ಯ ಹಾಡಿಗೆ ಒಗ್ಗರಣೆ ಹಾಕಿದ ಹಾಗೆ ಮೇಲೆ ಚಿಮುಕಿಸುವುದು ಮಾಮೂಲು. ಇಲ್ಲಿ ಹಾಗಲ್ಲ, ತಬಲ ತೆಗೆದರೆ ಹಾಡು ನಡೆಯುವುದೇ ಇಲ್ಲ. ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಇದು 23ನೇ ಜಾಗ ಮುಟ್ಟಿತು. ಅಲ್ಲಿ ಇವರ ಅತಿ ದೊಡ್ಡ ಹಿಟ್ ಇದೇ. ಅದೇ ಬೇಸಿಗೆ, ಊರೂರು ಸುತ್ತಿದ ಸಂಗೀತ ಹಬ್ಬ ಲೊಲಪಲೂಜಾದ ಮೊದಲ ಪ್ರವಾಸದಲ್ಲೂ ಇವರಿದ್ದರು.

1995ರ 'ದ ರಾಪ್ಚರ್' ಕೊನೆಯ ಆಲ್ಬಮ್. ಅದರ ಪ್ರವಾಸಕ್ಕೆ ಕುರ್ಚಿಯಲ್ಲಿ ಮತ್ತೊಬ್ಬ ಹೊಸಬ, ನಾಕ್ಸ್ ಚಾಂಡ್ಲರ್. 1996ರಲ್ಲಿ ಬ್ಯಾಂಡ್ ಮುಚ್ಚಿತು. 2002ರಲ್ಲಿ ಸ್ವಲ್ಪ ದಿನ ಮತ್ತೆ ಸೇರಿ ಹಾಡಿದ್ದು ಬಿಟ್ಟರೆ ಮುಗಿಯಿತು. ಸೂಜಿ 2007ರಲ್ಲಿ ಒಬ್ಬಳೇ ಒಂದು ಆಲ್ಬಮ್ ಮಾಡಿದಳು. ಬಹಳ ವರ್ಷ ಸುಮ್ಮನಿದ್ದು 2023ರಲ್ಲಿ ಮತ್ತೆ ವೇದಿಕೆ ಹತ್ತಿದಳು.

ಕೇಳಬೇಕು ಅನ್ನಿಸಿದರೆ ಕಾಲದ ಕ್ರಮ ಹಿಡಿಯಬೇಡಿ. 'ದ ಸ್ಕ್ರೀಮ್' ಮೊದಲೇ ಕೇಳಿದರೆ ಹಲವರು ಅಲ್ಲೇ ಓಡಿಹೋಗುತ್ತಾರೆ. 'ಸ್ಪೆಲ್‌ಬೌಂಡ್' ಹಾಕಿ. ಆಮೇಲೆ 'ಡಿಯರ್ ಪ್ರೂಡೆನ್ಸ್', ಆಮೇಲೆ 'ಪೀಕ್-ಎ-ಬೂ', ಆಮೇಲೆ ಆ ತಬಲದ ಹಾಡು. ನಾಲ್ಕಕ್ಕೂ ಹೆಡ್‌ಫೋನ್ ಬೇಕು, ಮೊಬೈಲ್ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ. ಮೊದಲ ಸುತ್ತು ಸೂಜಿಯನ್ನು ಕೇಳಿ, ಹೇಗೂ ಬೇರೆ ಏನೂ ಕಿವಿಗೆ ಬೀಳುವುದಿಲ್ಲ. ಎರಡನೇ ಸುತ್ತು ಸೆವೆರಿನ್‌ನ ಬಾಸ್ ಒಂದನ್ನೇ ಹಿಡಿದು ನಡೆಯಿರಿ. ಗಿಟಾರಿಗೆ ಕೊನೆಗೆ ಬಂದರಾಯಿತು.